ನೆಟ್ಟಗ ಬಂದದ್ದನ್ನ ಜಗ್ಗಬೇಕು

ಕೊರಿಯರ್‌ನವನು ಕೊಟ್ಟುಹೋದ ಪೊಟ್ಟಣವನ್ನು ಟೆರೇಸಿನ ಕಟ್ಟೆಯ ಮೇಲೆ ಕೂತು ಒಡೆದೆ. ಅಂಗೈಗೆ ಬಿದ್ದದ್ದು ಹತ್ತು ಕರೀ ಕಾಳು. ಎಳ್ಳಿಗಿಂತ ತುಸು ದಪ್ಪ, ಅಷ್ಟೇ. ಪೊಟ್ಟಣದ ಮೇಲೆ ಮಾತ್ರ ಸುರುಳಿ ಸುರುಳಿ ಕೊಂಬೆಗಳ ಬಣ್ಣದ ಚಿತ್ರ, ಅದರ ಕೆಳಗೆ 'ಕಾರ್ಕ್‌ಸ್ಕ್ರೂ ಹೇಜಲ್, ಮೊಳಕೆ ಖಾತ್ರಿ' ಎಂಬ ಬರಹ. 349 ರೂಪಾಯಿ ಕೊಟ್ಟಿದ್ದೆ.

ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ ಒಮ್ಮೆ ಬೀಜ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಅಲ್ಲಾ, ಚಾಕಲೇಟಿನಾಗ ಬರೂ ಆ ಗುಂಡಾನ ಬೀಜಕ್ಕ ಹೇಜಲ್ ಅಂತಾರಲ್ಲೇನು? ಅದನ್ನ ಬಿತ್ತಿದರ ಹೇಜಲ್ ಬರತೇತಿ. ಇವೇನು, ಅದರ ಮೊಮ್ಮಕ್ಕಳೇನು?"

ನಾನು ಮಾತಾಡಲಿಲ್ಲ. ಏಕೆಂದರೆ ಅದು ನನಗೆ ಗೊತ್ತಿತ್ತು. ಇನ್ನೊಂದು ವಿಷಯವೂ ಗೊತ್ತಿತ್ತು: ಅವರು ನಿಜವಾದ ಹೇಜಲ್ ಬೀಜವನ್ನೇ ಕಳಿಸಿದ್ದರೂ ಹುಟ್ಟುವ ಗಿಡ ಹೆಚ್ಚೂಕಡಿಮೆ ನೆಟ್ಟಗೇ ಬೆಳೆಯುತ್ತಿತ್ತು. ಎರಡೂ ಗೊತ್ತಿದ್ದು ದುಡ್ಡು ಕಟ್ಟಿದವಳಿಗೆ ಏನೆನ್ನಬೇಕೋ ನೀವೇ ಅನ್ನಿ. ಆದರೂ ಆ ಕಾಳುಗಳನ್ನು ಕುಂಡಕ್ಕೆ ಹಾಕಿದೆ. ಇಪ್ಪತ್ತು ದಿನಕ್ಕೆ ಎರಡು ಮೊಳಕೆ ಬಂದವು. ಎದುರು ಮನೆಯ ಕಾಕು ಬಂದು ನೋಡಿ, ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡು, "ಅಗಂ, ಹೀ ತರ ಅಂಬಾಡಿ" ಅಂದರು. ನಮ್ಮ ಕಡೆಯ ಪುಂಡಿ. ಅದು ಆ ಪೊಟ್ಟಣದಿಂದ ಬಂತೋ, ಕುಂಡದ ಹಳೇ ಮಣ್ಣಿನಿಂದ ಬಂತೋ. ಎರಡು ಗಿಡದ ಪುಂಡಿಯಲ್ಲಿ ಪಲ್ಯವಂತೂ ಆಗುವುದಿಲ್ಲ.

ಈ ಹುಚ್ಚು ಹತ್ತಿದ್ದು ಬಾಣಂತನದಲ್ಲಿ. ನನ್ನದಲ್ಲ, ಮಗಳದು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಆರು ತಿಂಗಳ ವೀಸಾ ತೆಗೆದುಕೊಂಡು ಇಂಗ್ಲೆಂಡಿಗೆ ಹೋದೆ. ಮಗಳು ಅಳಿಯ ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಎಂಬ ಊರಿನ ಪಕ್ಕ ಬಾಡಿಗೆ ಮನೆಯಲ್ಲಿದ್ದಾರೆ. ಪುಣೆ ಬಿಡುವ ಮುಂಚೆ ರವಿವಾರ ಪೇಠೆಯ ಕಾಷ್ಠೌಷಧಿ ಅಂಗಡಿಗೆ ಹೋಗಿ ಕೂಸಿಗೆ ತೇಯ್ದು ನೆಕ್ಕಿಸುವ ಗುಟ್ಟಿಯ ಸಾಮಾನೆಲ್ಲ ಕಟ್ಟಿಸಿದ್ದೆ: ಬಜೆ, ಜಾಯಿಕಾಯಿ, ಅಳಲೆಕಾಯಿ, ಅರಿಷಿಣ ಕೊಂಬು, ಮುರುಡಶೇಂಗ. ಜೊತೆಗೆ ನಮ್ಮವ್ವ ನನ್ನ ಬಾಣಂತನಕ್ಕೆ ಧಾರವಾಡದಿಂದ ತಂದಿದ್ದ ಸಾಣೆಕಲ್ಲು. ಅಂಟಿನುಂಡಿಗೆ ಬೇಕಾದ ಅಂಟು, ಉತ್ತತ್ತಿಯ ಭಾರ ಬೇರೆ. ಚೀಲ ತೂಗಿದಾಗ 23 ಕಿಲೋದ ಮೇಲೆ ಕಾಲು ಕಿಲೋ ಇತ್ತು, ಕೌಂಟರಿನ ಹುಡುಗಿ ನೋಡಿಯೂ ನೋಡದ ಹಾಗೆ ಬಿಟ್ಟಳು.

ಮುಟ್ಟಿದ ಮರುದಿನ ಬೆಳಿಗ್ಗೆ ಅಡುಗೆಮನೆ ಕಿಟಕಿಯ ಪರದೆ ಸರಿಸಿದೆ. ಹಿತ್ತಲಲ್ಲಿ ಎಲೆಯೇ ಇಲ್ಲದ ಒಂದು ಗಿಡ, ಆಳೆತ್ತರಕ್ಕಿಂತ ತುಸು ಎತ್ತರ. ಕೊಂಬೆ ನಾಲ್ಕು ಬೆರಳು ಮುಂದೆ ಹೋಗುತ್ತದೆ, ಏನೋ ಮರೆತವರ ಹಾಗೆ ತಿರುಗುತ್ತದೆ, ತನ್ನನ್ನೇ ಒಂದು ಸುತ್ತು ಸುತ್ತಿ ಮತ್ತೆ ಹೊರಡುತ್ತದೆ. ಹಳೇ ಟೆಲಿಫೋನಿನ ವಾಯರು ಗಂಟುಬಿದ್ದ ಹಾಗೆ. ಹೊಸಬರು ಚಕ್ಕುಲಿ ಒತ್ತಿದಾಗ ಹಾಳೆಯ ಮೇಲೆ ಬೀಳುವ ಆ ಗೊಂದಲದ ಹಾಗೆ. ಸುರುಳಿಯ ಮೇಲೆಲ್ಲ ರಾತ್ರಿಯ ಹಿಮ ಕೂತು ಪ್ರತಿ ತಿರುವಿಗೂ ಬಿಳಿ ಅಂಚು ಕಟ್ಟಿತ್ತು. ಚಹಾದ ನೀರು ಕುದ್ದು ಉಕ್ಕಿತು, ನಾನು ಅಲ್ಲೇ ನಿಂತಿದ್ದೆ.

"ಅವ್ವಾ, ಅದು ಕಾರ್ಕ್‌ಸ್ಕ್ರೂ ಹೇಜಲ್ ಅಂತ. ಮನೀ ಮಾಲೀಕ ಹೇಳಿಹೋಗ್ಯಾನ, ಅದನ್ನ ಸಾಯಗೊಡಬ್ಯಾಡ್ರಿ ಅಂತ," ಅಂದಳು ಮಗಳು. ಬಾಗಿಲಿಗೆ ಆನಿಕೊಂಡು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. "ಚಹಾ ನಾ ಟಾಕಲೇನು?"

"ಟಾಕೂದಲ್ಲ, ಮಾಡೂದು," ಅಂದೆ. ಟಾಕೂದು ಮರಾಠಿ, ತಿದ್ದುವುದು ನನ್ನ ಅಭ್ಯಾಸ.

ಇದನ್ನು ಸ್ವಲ್ಪ ಹೇಳಬೇಕು. ಪುಣೆಗೆ ಬಂದು ನನಗೆ ಮೂವತ್ತೆರಡು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ರವಿವಾರ ರವಿವಾರ ಇಲ್ಲಿನ ಕನ್ನಡದ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದ್ದೇನೆ. ಮನೆಯಲ್ಲಿ ಕನ್ನಡ, ಬಾಗಿಲ ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಅನ್ನುವ ಮಕ್ಕಳು. "ನಂಗ ಕಂಟಾಳಾ ಬಂದೇತಿ" ಅನ್ನುತ್ತವೆ. "ಬ್ಯಾಸರ ಅನ್ನು" ಅನ್ನುತ್ತೇನೆ. "ಅವನು ನಂಗ ತ್ರಾಸ ದೇತಾನ" ಅನ್ನುತ್ತವೆ. "ಕೊಡತಾನ" ಅನ್ನುತ್ತೇನೆ, ಆ 'ತ್ರಾಸ'ವನ್ನು ಮಾತ್ರ ಬಿಡುತ್ತೇನೆ, ಏಕೆಂದರೆ ಅದನ್ನು ನಮ್ಮವ್ವನೂ ಅನ್ನುತ್ತಿದ್ದಳು. ಧಾರವಾಡದವಳಾದ ನನ್ನ ಬಾಯಲ್ಲಿರುವ ಖೋಲಿ, ಗಡಬಡ, ಬರೋಬ್ಬರಿಗಳು ಎಲ್ಲಿಂದ ಬಂದವೆಂದು ಆ ಮಕ್ಕಳು ಯಾರೂ ಕೇಳಲಿಲ್ಲ, ಸದ್ಯ. ಎಲ್ಲರಿಗಿಂತ ಹೆಚ್ಚು ತಿದ್ದಿಸಿಕೊಂಡವಳು ನನ್ನ ಮಗಳು.

ಕೂಸು ಜನವರಿ ಎರಡನೇ ವಾರ ಹುಟ್ಟಿತು. ಬಾಣಂತಿ ಮಲಗಿದ್ದಾಗ, ಕೂಸೂ ಮಲಗಿದ್ದಾಗ, ಕೋಟು ಹಾಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ತಿಂಗಳ ಕೊನೆಗೆ ಆ ಬೋಳು ಸುರುಳಿಗಳಿಂದ ಹಳದಿ ಗೊಂಡೆಗಳು ಇಳಿಬಿದ್ದವು, ಗೆಜ್ಜೆವಸ್ತ್ರ ತೂಗುಹಾಕಿದ ಹಾಗೆ. ಅವು ಗಂಡು ಹೂವಿನ ಗೊಂಚಲು. ಹಿಂದಿನ ಬೇಸಿಗೆಯಲ್ಲೇ ಗಿಡ ಅವನ್ನು ಸಣ್ಣದಾಗಿ ಮಾಡಿ ಇಟ್ಟುಕೊಂಡಿರುತ್ತದೆ, ಚಳಿಗಾಲದ ಕೊನೆಗೆ ಬಿಡಿಸುತ್ತದೆ. ಇಡೀ ಗಿಡದಲ್ಲಿ ಅವಷ್ಟೇ ನೆಟ್ಟಗೆ ನೇತಾಡುತ್ತಿದ್ದವು. ಹೆಣ್ಣು ಹೂ ಕಾಣಲು ನನಗೆ ಇನ್ನೂ ಒಂದು ವಾರ ಬೇಕಾಯಿತು, ಅದೂ ಓದುವ ಕನ್ನಡಕ ಹಾಕಿಕೊಂಡ ಮೇಲೆ. ಮೊಗ್ಗಿನ ತುದಿಯಲ್ಲಿ ಕುಂಕುಮದ ಕಡ್ಡಿ ಮುಟ್ಟಿಸಿದಷ್ಟು ಕೆಂಪು, ನಾಲ್ಕಾರು ಎಳೆ. ಜೇನು ಬೇಡ, ಚಿಟ್ಟೆ ಬೇಡ, ಗಾಳಿಯೇ ಎಲ್ಲ ಮಾಡುತ್ತದೆ. ಆದರೆ ತನ್ನ ಪರಾಗ ತನಗೇ ಒಗ್ಗುವುದಿಲ್ಲ, ಹತ್ತಿರ ಇನ್ನೊಂದು ಜಾತಿಯ ಹೇಜಲ್ ಇರಬೇಕು. ಈ ಸುರುಳಿ ಗಿಡಕ್ಕೆ ಕಾಯಿ ಬಿಡುವುದು ಅಪರೂಪ. ಇದನ್ನು ಯಾರೂ ಕಾಯಿಗೆಂದು ಸಾಕುವುದೂ ಇಲ್ಲ.

ಬುಡ ನೋಡಿದ್ದು ಆಮೇಲೆ. ಬುಡದ ಸುತ್ತ ಒಂದು ಹಿಂಡು ಕೋಲು ಎದ್ದಿದ್ದವು. ಬೆತ್ತದ ಹಾಗೆ ನೆಟ್ಟಗೆ, ಹೊಳಪಾಗಿ, ಗಿಡಕ್ಕಿಂತ ಎತ್ತರ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಚುರ್ ಅಂದಿತು, ಯಾಕೆಂದರೆ ಅವು ನನಗೆ ಹಳೇ ಪರಿಚಯ.

ಪುಣೆಯಲ್ಲಿ ಗುಲಾಬಿ ಸಾಕಿದವರಿಗೆಲ್ಲ ಇದು ಗೊತ್ತು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಹೂವಿನ ಪ್ರದರ್ಶನಕ್ಕೆ ಹೋಗಿ, ತಟ್ಟೆಯಗಲದ ಹೂ ನೋಡಿ ಮರುಳಾಗಿ ಒಂದು ಗಿಡ ತರುತ್ತೇವೆ. ಒಂದು ವರ್ಷ ಹೂ ಬಿಡುತ್ತದೆ. ಆಮೇಲೆ ಬುಡದಿಂದ ಭರಭರ ಒಂದು ಚಿಗುರು ಏಳುತ್ತದೆ, ನಾವು "ಅಬ್ಬಾ ಎಷ್ಟು ಛಲೋ ಹತ್ತೇತಿ" ಅಂತ ಅದಕ್ಕೇ ಗೊಬ್ಬರ ಹಾಕುತ್ತೇವೆ. ಮೂರನೇ ವರ್ಷ ಕುಂಡದಲ್ಲಿ ಉಳಿಯುವುದು ಮುಳ್ಳು ಮಾತ್ರ. ಕಸಿ ಮಾಡಿದ ಕಣ್ಣು ಸತ್ತಿರುತ್ತದೆ, ಕೆಳಗಿನ ಕಾಡುಗುಲಾಬಿ ಆಸ್ತಿ ಹೊಡೆದುಕೊಂಡಿರುತ್ತದೆ. ಹಾಗೆ ನಾನು ಕಳೆದುಕೊಂಡದ್ದು ಮೂರು ಗಿಡ.

ಸುರುಳಿ ಹೇಜಲ್ಲಿನದೂ ಅದೇ ಕತೆ. ಹೆಚ್ಚಾಗಿ ಇದನ್ನು ಸಾಮಾನ್ಯ ಹೇಜಲ್ಲಿನ ಬೇರಿನ ಮೇಲೆ ಕಸಿ ಮಾಡಿರುತ್ತಾರೆ. ಮೇಲಿನದು ನಿಧಾನ. ಪೂರ್ತಿ ಎತ್ತರಕ್ಕೆ, ಅಂದರೆ ಎಂಟು ಹತ್ತು ಅಡಿಗೆ ಬರಲು ಹತ್ತು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಕೆಳಗಿನದಕ್ಕೆ ಗಡಬಡ. ಅದರ ಸ್ವಭಾವವೇ ಬುಡದಿಂದ ಹತ್ತಾರು ಕೋಲು ಎಬ್ಬಿಸುವುದು. ಬಿಟ್ಟರೆ ನಾಲ್ಕೈದು ವರ್ಷದಲ್ಲಿ ಸುರುಳಿಯನ್ನು ನೆರಳಲ್ಲಿ ಹಾಕಿ ಉಪವಾಸ ಕೆಡವುತ್ತದೆ. ಟರ್ಕಿಶ್ ಹೇಜಲ್ ಎಂಬ ಬೇರೆ ಜಾತಿಯ ಮೇಲೆ ಕಸಿ ಮಾಡಿದರೆ ಬುಡದ ಚಿಗುರು ಬಹಳ ಕಡಿಮೆ. ಕೊಳ್ಳುವವರು ಅದನ್ನು ಕೇಳಿ ಕೊಳ್ಳುವುದು ಒಳ್ಳೇದು. ಇಲ್ಲವೇ ಕೊಂಬೆಯನ್ನು ಬಗ್ಗಿಸಿ ಮಣ್ಣಲ್ಲಿ ಹೂತು ಬೇರು ಬರಿಸಿದ ಗಿಡವಾದರೆ ಬೇರೂ ಅದರದ್ದೇ, ಮೇಲೆ ಬರುವುದೆಲ್ಲ ಸೊಟ್ಟವೇ. ಮಾಲೀಕನ ಗಿಡಕ್ಕೆ ಆ ಭಾಗ್ಯ ಇರಲಿಲ್ಲ.

ಫೆಬ್ರುವರಿಯ ಒಂದು ಬಿಸಿಲಿನ ದಿನ ಕೆಲಸಕ್ಕೆ ಇಳಿದೆ. ಮಗಳು ಕಿಟಕಿ ತೆರೆದು ಕೂಗಿದಳು.

"ಅವ್ವಾ! ಅದs ಅಲಾ ಬರೋಬ್ಬರಿ ಬೆಳದದ್ದು? ಅದನ್ನs ಯಾಕ ಕೀಳಾಕ ಹತ್ತೀ?"

"ಅದು ಈ ಗಿಡ ಅಲ್ಲವಾ. ಇದರ ಮನೀ ಬಾಡಿಗಿ ಕೊಟ್ಟಾಕಿ."

ಕತ್ತರಿಯಲ್ಲಿ ಕತ್ತರಿಸಿದರೆ ಆಗುವುದಿಲ್ಲ. ಮಣ್ಣಿನ ಮಟ್ಟಕ್ಕೆ ಕತ್ತರಿಸಿದ ಒಂದು ಕೋಲು ಮುಂದಿನ ವರ್ಷ ನಾಲ್ಕಾಗುತ್ತದೆ, ಏಕೆಂದರೆ ಅದರ ಬುಡದಲ್ಲಿ ಮಲಗಿದ ಮೊಗ್ಗುಗಳಿರುತ್ತವೆ. ಮಣ್ಣು ಬಿಡಿಸಿ, ಅದು ಬೇರಿಗೆ ಅಂಟಿದ ಜಾಗದ ತನಕ ಹೋಗಿ, ಅಲ್ಲಿ ಹಿಡಿದು ಕೆಳಮುಖವಾಗಿ ಜಗ್ಗಬೇಕು. ಹರಿದು ಬರುತ್ತದೆ, ಬರುವಾಗ ಆ ಮಲಗಿದ ಮೊಗ್ಗುಗಳನ್ನೂ ಕರೆದುಕೊಂಡು ಬರುತ್ತದೆ. ಬಲಿಯುವ ಮೊದಲೇ ಜಗ್ಗಿದರೆ ಬೆರಳು ಸಾಕು. ಇವು ಬಲಿತಿದ್ದವು. ಹದಿನೇಳು ಇದ್ದವು, ಹದಿಮೂರನ್ನು ಜಗ್ಗಿದೆ, ನಾಲ್ಕಕ್ಕೆ ಅಳಿಯ ರವಿವಾರ ಗರಗಸ ಹಿಡಿಯಬೇಕಾಯಿತು. ನಡುನಡುವೆ ಕೈಗವಸು ತೆಗೆದು ನೋಡುತ್ತಿದ್ದೆ. ಅಂಗೈ ಕೆಂಪಾಗಿ ಹಿತವಾಗಿ ಉರಿಯುತ್ತಿತ್ತು. ಕಿತ್ತು ಹಾಕಿದ ರಾಶಿ ನೋಡಿದಾಗ ಮಾತ್ರ ಒಂಥರಾ ಆಯಿತು. ಅಷ್ಟು ಚೆಂದ, ಅಷ್ಟು ನೆಟ್ಟಗಿನ ಕೋಲುಗಳು. ಬೇರೆ ಯಾವ ತೋಟದಲ್ಲಾದರೂ ಉಳಿಸಿಕೊಳ್ಳಬೇಕಾದವು ಅವೇ.

ಸೊಟ್ಟ ಕೊಂಬೆಗಳಿಗೆ ಮಾಡಬೇಕಾದದ್ದು ಕಡಿಮೆ. ಗೊಂಡೆ ಉದುರಿದ ಮೇಲೆ, ಎಲೆ ಬಿಡುವ ಮುಂಚೆ, ಒಣಗಿದ್ದು ಒಂದಕ್ಕೊಂದು ಉಜ್ಜುವುದು ತೆಗೆಯಬೇಕು, ಆಮೇಲೆ ಸುಮ್ಮನಿರಬೇಕು. ನೀರು ನಿಲ್ಲದ ಮಣ್ಣಾದರೆ ಸಾಕು, ಗೊಬ್ಬರದ ಆಸೆ ಇಲ್ಲ. ಬುಡಕ್ಕೆ ಎಲೆಗೊಬ್ಬರ ಹೊದಿಸಿದೆ. ಕತ್ತರಿಸಿದ ನಾಲ್ಕು ಸುರುಳಿ ಕಡ್ಡಿಗಳನ್ನು ಗಾಜಿನ ಹೂಜಿಯಲ್ಲಿ ಇಟ್ಟೆ. ಅಲ್ಲಿನ ಹೂವಿನಂಗಡಿಗಳಲ್ಲಿ ಅಂಥ ಕಡ್ಡಿಗಳನ್ನು ದುಡ್ಡಿಗೆ ಮಾರುತ್ತಾರೆ.

ಆ ಹೂಜಿಯ ಪಕ್ಕ ಇನ್ನೊಂದು ಬಾಟಲಿ ಇತ್ತು. ಅದರಲ್ಲಿ ಮುರುಡಶೇಂಗ.

ಗುಟ್ಟಿ ನಡೆಯಲಿಲ್ಲ. ಮನೆಗೆ ಬಂದ ನರ್ಸು ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಅಂದಳು. ಮಗಳು ನನ್ನ ಕಡೆ ನೋಡದೆ ತಲೆ ಅಲ್ಲಾಡಿಸಿದಳು. ನಾನು ಎರಡು ದಿನ ಮುಖ ಗಂಟುಹಾಕಿಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಮೂರನೇ ರಾತ್ರಿ ಕೂಸು ಹೊಟ್ಟೆನೋವಿಗೆ ಚೀರಿದಾಗ ಎದ್ದು ಕೂತೆ. ಸಾಣೆಕಲ್ಲು ಕೈಯಳತೆಯಲ್ಲೇ ಇತ್ತು. ಮಗಳು ಕೂಸಿನ ಎರಡೂ ಕಾಲು ಮಡಚಿ ಮೊಣಕಾಲನ್ನು ಹೊಟ್ಟೆಗೆ ಮೆತ್ತಗೆ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. "ಸಂಪಲಂ, ಸಂಪಲಂ, ಹೋತು ನೋಡ, ಹೋತು" ಅನ್ನುತ್ತಿದ್ದಳು. ಅರ್ಧ ಮರಾಠಿ, ಅರ್ಧ ನನ್ನ ಭಾಷೆ. ತಿದ್ದಲಿಕ್ಕೆ ಬಾಯಿ ತೆರೆದವಳು ಯಾಕೋ ಮುಚ್ಚಿಕೊಂಡೆ. ಕೂಸು ಮಲಗಿತು.

ಹೀಗೆ ಆ ಶೇಂಗಗಳು ತೇಯಿಸಿಕೊಳ್ಳದೆ ಬಾಟಲಿಯಲ್ಲಿ ಉಳಿದವು. ನೋಡದವರಿಗೆ ಹೇಳುತ್ತೇನೆ: ಎರಡು ಎರಡೂವರೆ ಇಂಚಿನ ಕಂದು ಕಾಯಿ, ಐದು ಎಳೆಗಳನ್ನು ಒಟ್ಟಿಗೆ ಹಿಡಿದು ಹೊಸೆದ ಹಗ್ಗದ ತುಂಡಿನ ಹಾಗೆ. ಒಣಗಿದಾಗ ಹೊಸೆತ ಸಡಿಲಾಗಿ ಎಳೆಗಳು ಬಿಟ್ಟುಕೊಂಡು ಬೀಜ ಬೀಳುತ್ತವೆ. ಮರಾಠಿಯಲ್ಲಿ ಹೊಟ್ಟೆ ತಿರುಚುವ ನೋವಿಗೆ ಮುರಡಾ ಅನ್ನುತ್ತಾರೆ. ತಿರುಚಿದ ನೋವಿಗೆ ತಿರುಚಿದ ಕಾಯಿ. ಕನ್ನಡದಲ್ಲಿ ಎಡಮುರಿ. ತಮಿಳರು ಅದೇ ಕಾಯಿಗೆ ವಲಂಪುರಿ ಅನ್ನುತ್ತಾರೆ, ಅಂದರೆ ಬಲಮುರಿ. ಮಲಯಾಳದವರು ಯಾಕೆ ಜಗಳ ಅಂತ ಎಡಂಪಿರಿ ವಲಂಪಿರಿ ಎರಡನ್ನೂ ಸೇರಿಸಿ ಕರೆಯುತ್ತಾರೆ. ಗಣಪತಿಯ ಸೊಂಡಿಲಿಗೆ, ಶಂಖಕ್ಕೆ ಇರುವ ಚಿಂತೆ ಒಂದು ಕಾಯಿಗೂ ಅಂಟಿಕೊಂಡಿದೆ.

ಅಳಿಯನಿಗೆ ಇಂಥದ್ದರಲ್ಲಿ ಆಸಕ್ತಿ. ಹಿತ್ತಲ ಗಿಡದ ಮೂಲ ಹುಡುಕಿ ಕೂತವನು ಒಂದು ಸಂಜೆ, "ಆಯಿ, ಇದರ ತವರುಮನೀ ಇಲ್ಲೇ ಬಾಜೂಕ ಅದ" ಅಂದ. ಜಗತ್ತಿನಲ್ಲಿರುವ ಈ ಜಾತಿಯ ಸುರುಳಿ ಹೇಜಲ್ಲುಗಳೆಲ್ಲ ಒಂದೇ ಗಿಡದಿಂದ ಬಂದವು. ಆ ಗಿಡ 1863ರ ಸುಮಾರಿಗೆ ಕಣ್ಣಿಗೆ ಬಿದ್ದದ್ದು ಗ್ಲಾಸ್ಟರ್‌ಶೈರಿನ ಫ್ರಾಸ್ಟರ್ ಎಂಬ ಹಳ್ಳಿಯ ಬೇಲಿಯಲ್ಲಿ. ಸ್ಟ್ರೌಡಿನಿಂದ ಕಾರಿನಲ್ಲಿ ಹದಿನೈದು ನಿಮಿಷ.

ಮಾರ್ಚಿನಲ್ಲಿ ಕೂಸನ್ನು ಕಟ್ಟಿಕೊಂಡು ಹೋದೆವು. ನೋಡಲು ಏನೂ ಇರಲಿಲ್ಲ. ಹೊಲ, ಬೇಲಿ, ಒಂದು ಹಳೇ ಕಲ್ಲಿನ ಕಣಜ, ದೂರದಲ್ಲಿ ಸೆವರ್ನ್ ನದಿಯ ಬೆಳ್ಳಿ ಗೆರೆ. ಆದರೆ ಬೇಲಿ ನೋಡಿದ ಮೇಲೆ ಒಂದು ಮಾತು ಅರ್ಥವಾಯಿತು. ಅಲ್ಲಿಯ ರೈತರಿಗೆ ಹೇಜಲ್ ಅಂದರೆ ನಮಗೆ ಬಿದಿರು ಇದ್ದ ಹಾಗೆ. ಏಳೆಂಟು ವರ್ಷಕ್ಕೊಮ್ಮೆ ಬುಡಕ್ಕೆ ಕಡಿದರೆ ನೆಟ್ಟಗಿನ ಕೋಲುಗಳು ಎದ್ದು ಬರುತ್ತವೆ. ಅವುಗಳಿಂದ ತಟ್ಟಿ, ಹುಲ್ಲಿನ ಚಾವಣಿಗೆ ಗೂಟ, ಊರುಗೋಲು. ನೆಟ್ಟಗಿದ್ದಷ್ಟೂ ಬೆಲೆ. ಅಂಥ ಬೇಲಿಯಲ್ಲಿ ಹಿಡಿ ಗೂಟಕ್ಕೂ ಬಾರದ ಗಿಡವೊಂದು ಹುಟ್ಟಿದೆ. ಕುಡುಗೋಲು ಹಿಡಿದವರು ಅದನ್ನು ಒಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ಲಾರ್ಡ್ ಡ್ಯೂಸಿ ಎಂಬ ಅಲ್ಲಿಯ ಜಮೀನುದಾರರ ತೋಟಕ್ಕೆ ಅದು ಹೋಯಿತು, ಅಲ್ಲಿಂದ ಬಿಟ್ಟನ್ ಎಂಬ ಊರಿನ ಪಾದ್ರಿ ಕ್ಯಾನನ್ ಎಲಕೂಂಬರಿಗೆ, ಅವರಿಂದ ಲಂಡನ್ನಿನ ಅಂಚಿನ ಎನ್‌ಫೀಲ್ಡಿನಲ್ಲಿದ್ದ ಇ. ಎ. ಬೌಲ್ಸ್ ಎಂಬ ತೋಟಗಾರರಿಗೆ. ಬೌಲ್ಸರು ತಮ್ಮ ಮಿಡಲ್ಟನ್ ಹೌಸಿನ ತೋಟದಲ್ಲಿ ಸೊಟ್ಟ, ಕುಳ್ಳ, ವಿಚಿತ್ರ ಗಿಡಗಳಿಗೇ ಒಂದು ಮೂಲೆ ಮಾಡಿ ಅದನ್ನು ಹುಚ್ಚಾಸ್ಪತ್ರೆ ಅಂತ ಕರೆದರು. ಅದಕ್ಕೆ ಮೊದಲು ಭರ್ತಿಯಾದ ರೋಗಿ ಈ ಹೇಜಲ್. ಇನ್ನೊಂದು ಹೆಸರು ಬಂದದ್ದು ಸ್ಕಾಟ್ಲೆಂಡಿನ ಹಾಡುಗಾರ, ನಗೆಗಾರ ಹ್ಯಾರಿ ಲಾಡರ್‌ನಿಂದ. ಅವನು ವೇದಿಕೆಗೆ ಬರುವಾಗ ಸೊಟ್ಟ ಕೋಲು ಹಿಡಿದಿರುತ್ತಿದ್ದ, ಹಾಗಾಗಿ ಅಮೆರಿಕದವರಿಗೆ ಇದು 'ಹ್ಯಾರಿ ಲಾಡರನ ಊರುಗೋಲು'.

ಒಂದೇ ಗಿಡದಿಂದ ಎಲ್ಲ ಬಂದದ್ದು ಎಂದರೆ ಬೆರಗೇನೂ ಬೇಡ. ರತ್ನಾಗಿರಿಯ ಆಪೂಸು ಮಾವೂ ಹಾಗೆಯೇ ಕಸಿಯಿಂದ ಕಸಿಗೆ ಬಂದದ್ದು. ವಾಟೆ ನೆಟ್ಟರೆ ಮರವೇನೋ ಬರುತ್ತದೆ, ಆಪೂಸು ಬರುತ್ತದೆಂಬ ಭರವಸೆಯಿಲ್ಲ. ಹೇಜಲ್ಲಿನ ಸುರುಳಿಗೆ ಕಾರಣ ಒಂದೇ ಒಂದು ಜೀನು, ಅದೂ ಹಿಂಜರಿಯುವ ಜಾತಿಯದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ತನ್ನ ಪರಾಗ ತನಗೆ ಒಗ್ಗದ ಗಿಡ ನೆಟ್ಟಗಿನ ನೆರೆಯವನಿಂದ ಕಾಯಿ ಕಟ್ಟಿಕೊಂಡರೆ ಮಕ್ಕಳೆಲ್ಲ ನೆಟ್ಟಗೆ. ಇಷ್ಟು ಗೊತ್ತಿದ್ದೂ 349 ರೂಪಾಯಿ.

ಏಪ್ರಿಲಿನ ಕೊನೆಗೆ ಎಲೆ ಬಂತು, ನನ್ನ ಪ್ರೀತಿ ಅರ್ಧ ಇಳಿಯಿತು. ಎಲೆಯೂ ಮುದುಡಿಕೊಂಡೇ ಬರುತ್ತದೆ. ಬ್ಯಾಡಗಿ ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದ ಹಾಗೆ, ಅಂಚು ಒಳಗೆ ಸುತ್ತಿ, ಮೈಯೆಲ್ಲ ಗುಳಿ. ರೋಗವೆಂದೇ ತಿಳಿದು ಎರಡು ದಿನ ಗಾಬರಿಯಾಗಿದ್ದೆ. ರೋಗವಲ್ಲ, ಅದರ ಎಲೆ ಇರುವುದೇ ಹಾಗೆ. ಬೇಸಿಗೆಯಲ್ಲಿ ಈ ಗಿಡ ಒಗೆದು ಹಿಂಡಿ ಒಣಹಾಕದೆ ಬಿಟ್ಟ ಬಟ್ಟೆಯ ರಾಶಿ. ಮನೆಯ ಮುಂದೆ ನೆಡದೆ ಅಡುಗೆಮನೆ ಕಿಟಕಿಗೆ ಕಾಣುವಂತೆ ಹಿತ್ತಲಲ್ಲಿ ನೆಟ್ಟವರು ಯಾರೋ ಬಲ್ಲವರೇ ಇರಬೇಕು. ನ್ಯೂಜೆರ್ಸಿಯಲ್ಲಿರುವ ತಂಗಿಗೆ ಫೋಟೋ ಕಳಿಸಿದರೆ ಅವಳ ನೆರೆಮನೆಯಲ್ಲಿ ಇಂಥದ್ದೇ ಇತ್ತು, ಕೊಂಬೆಕೊಂಬೆಯೇ ಒಣಗಿ ಹೋಯಿತು ಅಂದಳು. ತೊಗಟೆಯ ಮೇಲೆ ಸಾಲುಸಾಲಾಗಿ ಕರೀ ಗುಳ್ಳೆ. ಅದು ನಿಜವಾದ ರೋಗ. ಆ ಶಿಲೀಂಧ್ರದ ಊರು ಉತ್ತರ ಅಮೆರಿಕದ ಪೂರ್ವಭಾಗ. ಅಲ್ಲಿಯ ಕಾಡು ಹೇಜಲ್ ಅದನ್ನು ತಾಳಿಕೊಳ್ಳುತ್ತದೆ, ಯುರೋಪಿನದು ತಾಳದು.

ಜೂನಿಗೆ ಪುಣೆಗೆ ಬಂದೆ. ಮಳೆ ಹಿಡಿದಿತ್ತು. ಗಿಡ ತರುವ ಹಾಗಿಲ್ಲ, 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ತಪಾಸಣೆ ಎಲ್ಲ ಬೇಕು. ಸೋಲಾಪುರ ರಸ್ತೆಯ ನರ್ಸರಿಗಳಲ್ಲಿ ಅರ್ಧ ದಿನ ಅಲೆದೆ. ಸೊಟ್ಟ ಗಿಡ ಬೇಕು ಅಂದರೆ ಹುಡುಗನೊಬ್ಬ ಸುರುಳಿ ಲಕ್ಕಿ ಬ್ಯಾಂಬೂ ತೋರಿಸಿದ. ಅದು ಬಿದಿರೂ ಅಲ್ಲ, ಅದರ ಸುರುಳಿ ಅದರದ್ದೂ ಅಲ್ಲ. ಬೆಳಕು ಒಂದೇ ಕಡೆಯಿಂದ ಬರುವಂತೆ ಇಟ್ಟು, ಕುಂಡವನ್ನು ಆಗಾಗ ತಿರುಗಿಸಿ ತಿರುಗಿಸಿ ಅದು ಬೆಳಕು ಹುಡುಕುತ್ತ ಸುತ್ತುವಂತೆ ಮಾಡಿರುತ್ತಾರೆ. ತಿರುಗಿಸುವುದು ನಿಲ್ಲಿಸಿದ ದಿನದಿಂದ ನೆಟ್ಟಗೆ ಹೋಗುತ್ತದೆ.

ಹಾಗೂ ಹೀಗೂ ಒಂದು ಹೇಜಲ್ ಪುಣೆಗೆ ಬಂದರೂ ಬದುಕಲಾರದು ಎಂಬುದೂ ಗೊತ್ತಿದ್ದದ್ದೇ. ಅದಕ್ಕೆ ಪ್ರತಿ ಚಳಿಗಾಲ ಏಳು ಡಿಗ್ರಿಯ ಕೆಳಗೆ ನೂರಾರು ತಾಸು ನಿದ್ದೆ ಬೇಕು, ಇಲ್ಲದಿದ್ದರೆ ಮೊಗ್ಗು ಏಳುವುದೇ ಇಲ್ಲ. ಪುಣೆಯಲ್ಲಿ 1935ರಲ್ಲಿ ಒಮ್ಮೆ 1.7 ಡಿಗ್ರಿಗೆ ಇಳಿದಿತ್ತಂತೆ. ಅದು ಶತಮಾನಕ್ಕೊಂದು ಕತೆ. ನಮ್ಮ ಜನವರಿಯ ಬೆಳಗಿನ ಹತ್ತು ಹನ್ನೆರಡು ಡಿಗ್ರಿ ನಮಗೆ ಕಿವಿಗೆ ಮಫ್ಲರ್ ಕಟ್ಟಿಸುತ್ತದೆ, ಹೇಜಲ್ಲಿಗೆ ಅದು ಮಧ್ಯಾಹ್ನ. ನಮ್ಮ ದೇಶದಲ್ಲೂ ಹೇಜಲ್ಲಿನ ಬಂಧು ಇದೆ, ಹಿಮಾಚಲದ ಚಂಬಾ ಜಿಲ್ಲೆಯ ಪಾಂಗಿ ಕಣಿವೆಯಲ್ಲಿ. ಅಲ್ಲಿ ಅದರ ಕಾಯಿಗೆ ಥಾಂಗಿ ಅನ್ನುತ್ತಾರೆ. ಆ ಮರ ನೆಟ್ಟಗಿದೆ.

ಅಕ್ಟೋಬರಿನ ಒಂದು ರವಿವಾರ ಆತಕರವಾಡಿಯಿಂದ ಸಿಂಹಗಡ ಹತ್ತುತ್ತಿದ್ದೆ. ನಮ್ಮವರು ಮೊಣಕಾಲಿನ ನೆಪ ಹೇಳಿ ಗಾಡಿಯಲ್ಲಿ ಮೇಲೆ ಹೋಗಿ ಪಿಠಲ ಭಾಕರಿಯ ಮುಂದೆ ಕೂತಿದ್ದರು. ಅರ್ಧ ದಾರಿಯಲ್ಲಿ ಉಸಿರಿಗೆ ನಿಂತಾಗ ಕೈ ಪಕ್ಕದ ಪೊದೆಯ ಎಲೆಗೆ ತಗಲಿತು. ಒರಟು. ಅಗಲ ಗುಂಡು ಎಲೆ, ತುದಿ ಥಟ್ಟನೆ ಚೂಪು, ಅಂಚಿಗೆ ಹಲ್ಲು, ಮೈಗೆ ಸಣ್ಣ ರೋಮ. ಕೈಗೆ ಗುರುತು ಸಿಕ್ಕಿತು, ತಲೆಗೆ ಸಿಗಲಿಲ್ಲ. ಕಿತ್ತುಹಾಕಿದ ಆ ಹದಿನೇಳು ಕೋಲುಗಳ ಪಕ್ಕ ಏಪ್ರಿಲಿನಲ್ಲಿ ಮತ್ತೆ ತಲೆಯೆತ್ತಿದ ಚಿಗುರುಗಳ ಎಲೆ ಹೀಗೇ ಇದ್ದವು, ಮುದುಡದ ಸಾಮಾನ್ಯ ಹೇಜಲ್ ಎಲೆ. ಪೊದೆ ಸರಿಸಿದೆ. ಇಟ್ಟಿಗೆ ಕೆಂಪಿನ ಹೂ ಎರಡು, ಹಳತಾಗಿ ಸೀಸದ ಬಣ್ಣಕ್ಕೆ ತಿರುಗಿದ್ದು ನಾಲ್ಕು. ಅವುಗಳ ನಡುವೆ ಹಸಿರು ಹಗ್ಗದ ತುಂಡುಗಳು.

ಮುರುಡಶೇಂಗ! ಮೂವತ್ತು ವರ್ಷ ಅಂಗಡಿಯಿಂದ ತಂದು ತೇಯ್ದವಳು ಗಿಡ ನೋಡಿದ್ದು ಅಂದೇ. ಒಂದು ಸೂರಕ್ಕಿ ಬಂದು ಹೂವಿಗೆ ಕೊಕ್ಕು ಹಾಕಿ ಹೋಯಿತು.

ಮನೆಗೆ ಬಂದು ಹುಡುಕಿದೆ. ಲಿನೇಯಸ್ 1753ರಲ್ಲಿ ಇದಕ್ಕೆ ಇಟ್ಟ ಹೆಸರು ಹೆಲಿಕ್ಟೆರೆಸ್ ಐಸೋರಾ. ಮೊದಲ ಪದದಲ್ಲೇ ಸುರುಳಿ ಇದೆ. ಹಳೇ ಸಸ್ಯಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ಹೆಸರನ್ನೂ ಇಟ್ಟಿದ್ದರು: ಐಸೋರಾ ಕೋರಿಲಿಫೋಲಿಯಾ. ಕೋರಿಲಸ್ ಅಂದರೆ ಹೇಜಲ್, ಫೋಲಿಯಾ ಅಂದರೆ ಎಲೆ. ಹೇಜಲ್ ಎಲೆಯ ಎಡಮುರಿ. ಎರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ, ಇದು ದಾಸವಾಳ, ಬೆಂಡೆ, ಪುಂಡಿಯ ಕುಟುಂಬ. ಆದರೂ ನನ್ನ ಅಂಗೈಗಿಂತ ಮೊದಲು ಯಾರದೋ ಕಣ್ಣು ಇದನ್ನು ನೋಡಿತ್ತು ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಪೊಟ್ಟಣದಿಂದ ಪುಂಡಿ ಬಂದದ್ದೂ ಆಗ ನೆನಪಾಗಿ ಕತ್ತಲಲ್ಲಿ ಒಬ್ಬಳೇ ನಕ್ಕೆ.

ಗಡದಿಂದ ಕಿತ್ತು ತರಲಿಲ್ಲ. ಅದೇ ರವಿವಾರ ಪೇಠೆಯ ಅಂಗಡಿಯಲ್ಲಿ ಹತ್ತು ರೂಪಾಯಿಯ ಶೇಂಗ ತಂದು ಬಿಚ್ಚಿ ಬೀಜ ತೆಗೆದೆ. ಮೊದಲ ಸಲ ಬಿತ್ತಿದ ಇಪ್ಪತ್ತರಲ್ಲಿ ಒಂದೂ ಏಳಲಿಲ್ಲ. ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಎರಡನೇ ಸಲ ಸಾಣೆಕಲ್ಲು ತೆಗೆದೆ. ಕೂಸಿಗೆ ತೇಯಬೇಕಾದ ಕಲ್ಲಿನ ಮೇಲೆ ಒಂದೊಂದೇ ಬೀಜವನ್ನು ಬೆರಳ ತುದಿಯಲ್ಲಿ ಒತ್ತಿ ನಾಲ್ಕು ಸುತ್ತು, ಎಡಕ್ಕೆ. ಸಿಪ್ಪೆಯ ಕಪ್ಪು ಹೋಗಿ ಒಳಗಿನ ಬಿಳಿ ಇಣುಕಿದ ಕೂಡಲೇ ನಿಲ್ಲಿಸಿ ಬಿಸಿನೀರಿಗೆ. ಇಪ್ಪತ್ತರಲ್ಲಿ ಮೂರು ಎದ್ದವು. ಈಗ ಒಂದು ಉಳಿದಿದೆ, ಮೊಣಕಾಲೆತ್ತರ. ಕಾಂಡ ಬಾಣದ ಹಾಗೆ ನೆಟ್ಟಗೆ. ಇದರಲ್ಲಿ ತಿರುಚುವುದು ಕಾಯಿ ಮಾತ್ರ. ಹೇಜಲ್ಲಿನಲ್ಲಿ ಕಾಯಿಯೊಂದೇ ದುಂಡಗೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಎಲೆ ತೋರಿಸಿದೆ. ಮಗಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಿತ್ತಲಿಗೆ ಹೋಗಿ ಒಂದೆಲೆ ಕಿತ್ತು ಕ್ಯಾಮೆರಾದ ಮುಂದೆ ಹಿಡಿದಳು. ಎರಡೂ ಒಂದೇ ಥರ, ಹಲ್ಲು ಕೂಡ.

"ಏ, ಇದು ಮುದುಡೇ ಇಲ್ಲಲ್ಲ. ಎಲ್ಲಿಂದ ಕಿತ್ತಿ?"

"ಬುಡಕ್ಕ ಎದ್ದಾವಲ್ಲ ಅವ್ವಾ, ಅಲ್ಲಿಂದ. ಮತ್ತ ಆರು ಬಂದಾವು. ಕಾತ್ರಿ ತೊಗೊಂಡು ಕಾಪೂನ ಟಾಕಲೇನು?"

ಕೂಸು ಎಲೆಗೆ ಕೈ ಹಾಕಿತು. "ತಾಕು, ತಾಕು," ಅಂದಿತು.

"ಕತ್ತರಿ ಬ್ಯಾಡವಾ," ಅಂದೆ. "ಮಣ್ಣು ಬಿಡಿಸಿ ಕೈಲೆ ಜಗ್ಗು. ಕೆಳಗs."